ಶಾರ್ಜಾದಿಂದ ಜೆಬೆಲ್ ಅಲಿಗೆ: ಗ್ಯಾಪ್ ಬಿಟ್ಟೇ ಗೆದ್ದೆ

ಶಾರ್ಜಾದ ಮುವೈಲಾದಿಂದ ದುಬೈನ ಜೆಬೆಲ್ ಅಲಿಗೆ ದಿನಾ ಇ311 ಹೈವೇಯಲ್ಲಿ ಹೋಗಿ ಬರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಗಾಡಿಗೂ ನನಗೂ ಮೂರು ಸೆಕೆಂಡ್ ಗ್ಯಾಪ್ ಇಟ್ಟುಕೊಂಡು ಓಡಿಸುತ್ತೇನೆ ಅಂದಾಗ ಆಫೀಸಿನಲ್ಲಿ ಯಾರೂ ಒಪ್ಪಲಿಲ್ಲ. "ಇದು ದುಬೈ ಮಾರಾಯ್ರೆ, ಗ್ಯಾಪ್ ಬಿಟ್ಟರೆ ಎಲ್ಲರೂ ನುಗ್ತಾರೆ, ನೀವು ಮುಟ್ಟುವಾಗ ಮಧ್ಯಾಹ್ನ" ಅಂದರು. ಇಪ್ಪತ್ತು ವರ್ಷದಿಂದ ಇಲ್ಲಿರುವ ಹಿರಿಯರೊಬ್ಬರು "ಹಿಂದಿನವನೇ ಬಂದು ಗುದ್ದುತ್ತಾನೆ, ಬರೆದಿಟ್ಟುಕೊಳ್ಳಿ" ಅಂದಿದ್ದರು. ಈಗ ನಾಲ್ಕು ವರ್ಷದ ಹತ್ತಿರ ಆಯಿತು. ಬ್ಲಾಕ್ ಪಾಯಿಂಟ್ (ತಪ್ಪಿಗೆ ಲೈಸೆನ್ಸಿನ ಮೇಲೆ ಬೀಳುವ ಅಂಕ) ಒಂದೂ ಇಲ್ಲ, ಇನ್ಶೂರೆನ್ಸ್ ಕ್ಲೇಮ್ ಇಲ್ಲ. ಆ ಹಿರಿಯರ ಮಗ ಈಗ ನನ್ನ ಹಾಗೆಯೇ ಓಡಿಸುತ್ತಾನೆ.

ಇಲ್ಲಿನ ರಸ್ತೆಗೆ ಹೆಸರಿಡುವ ಹಾಗಿಲ್ಲ. ಅಪಾಯ ಇರುವುದು ಜನ ಓಡಿಸುವ ರೀತಿಯಲ್ಲಿ. ಸ್ಪೀಡ್ ಲಿಮಿಟ್ ಬೋರ್ಡ್ 110 ಅನ್ನುತ್ತದೆ, ಸ್ಪೀಡ್ ಹಿಡಿಯುವ ರಾಡಾರ್ ಹೊಡೆಯುವುದು 131ಕ್ಕೆ. ಹಾಗಾಗಿ ಎಲ್ಲರ ಲೆಕ್ಕದಲ್ಲೂ ಲಿಮಿಟ್ 130. ಇದೇ ರಸ್ತೆಯಲ್ಲಿ 2017ರ ತನಕ 120 ಇತ್ತು, ಇಳಿಸಿದರು. ಬೋರ್ಡ್ ಇಳಿಯಿತು, ಕಾಲು ಇಳಿಯಲಿಲ್ಲ. ಅಬುಧಾಬಿಯಲ್ಲಿ 2018ರಲ್ಲೇ ಆ 20ರ ರಿಯಾಯಿತಿ ತೆಗೆದರು. ಅಲ್ಲಿ 140 ಅಂದರೆ 140. ಇಲ್ಲಿಯೂ ಹಾಗೇ ಮಾಡಬೇಕು ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೇನೆ. 110ರಲ್ಲಿ ಗಾಡಿ ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ. ಫಾಸ್ಟ್ ಟ್ರ್ಯಾಕಿನಲ್ಲಿ (ಇಲ್ಲಿ ಅದು ಎಡಗಡೆಯ ಕೊನೆಯದು) ಜನ ಬಿಡುವ ಜಾಗ ಒಂದು ಕಾರಿನಷ್ಟು. ಮುಂದಿನವನು ಬ್ರೇಕ್ ಒತ್ತಿದ್ದು ಕಣ್ಣಿಗೆ ಬೀಳುವಷ್ಟರಲ್ಲೇ ಆ ಜಾಗ ಮುಗಿದಿರುತ್ತದೆ.

ಮೊದಲು ಬೇರೆಲ್ಲ ನೋಡಿದೆ. ಫಾಸ್ಟ್ ಟ್ರ್ಯಾಕಿನಲ್ಲಿ 120 ಹಿಡಿದು ಹೋದರೆ ಕನ್ನಡಿ ತುಂಬ ನಿಸ್ಸಾನ್ ಪ್ಯಾಟ್ರೋಲ್, ಲ್ಯಾಂಡ್ ಕ್ರೂಸರ್‌ಗಳ ಹೈ ಬೀಮ್. ದಾರಿ ಬಿಡೋಣ ಅಂದರೆ ಬಲಗಡೆ ಜಾಗ ಇರುವುದಿಲ್ಲ. ಅವಸರದಲ್ಲಿ ತಿರುಗಿಸಿದರೆ ಸಡನ್ ಸ್ವರ್ವ್ (ಏಕಾಏಕಿ ತಿರುಗಿಸಿದ್ದು) ಅಂತ 1000 ದಿರ್ಹಂ ಫೈನ್ ಬೀಳಬಹುದು. ಆಮೇಲೆ ಬಲಗಡೆಯ ಕೊನೆಯ ಟ್ರ್ಯಾಕ್ ಹಿಡಿದೆ. ಅದು ಇನ್ನೂ ಕಷ್ಟ. ಪಕ್ಕದಿಂದ ಒಳಗೆ ಸೇರುವವರು, ಎಕ್ಸಿಟ್ ತಪ್ಪಿತು ಅಂತ ಮೂರು ಟ್ರ್ಯಾಕ್ ದಾಟಿ ಬರುವವರು, ಜೊತೆಗೆ ಟ್ರಕ್. ಒಂದು ದಿನ ಯಾವುದೋ ಟ್ರಕ್ಕಿನ ಟೈರ್ ಸಿಡಿದು ಅದರ ಪಟ್ಟಿ ನನ್ನ ಮುಂದಿನ ಬಂಪರಿಗೆ ಬಡಿಯಿತು. ಟ್ರಕ್ಕಿನವನು ಹೋಗಿಯೇ ಬಿಟ್ಟ. ಪೊಲೀಸ್ ರಿಪೋರ್ಟ್ ಇಲ್ಲದೆ ಇಲ್ಲಿ ಯಾವ ಗ್ಯಾರೇಜಿನವರೂ ಕೈ ಹಚ್ಚುವುದಿಲ್ಲ, ನಿಮಗೆ ಗೊತ್ತೇ ಇದೆ. ರಿಪೋರ್ಟ್, ಇನ್ಶೂರೆನ್ಸಿನ ಎಕ್ಸೆಸ್ (ನಮ್ಮ ಕೈಯಿಂದ ಕೊಡುವ ಪಾಲು), ಮೂರು ದಿನ ಬಾಡಿಗೆ ಕಾರು, ಎಲ್ಲ ಸೇರಿ 1,500 ದಿರ್ಹಂ ಕೈಬಿಟ್ಟಿತು. ಮರುವರ್ಷ ಪ್ರೀಮಿಯಂ ಕೂಡ ಏರಿತು.

ಇ311 ಬಿಟ್ಟು ಶೇಖ್ ಜಾಯೆದ್ ರೋಡನ್ನೂ ನೋಡಿದೆ. ಅಲ್ಲಿ ಸಾಲಿಕ್, ಅಂದರೆ ರಸ್ತೆ ಟೋಲ್, ತಡೆಯಲು ಆಗುವುದಿಲ್ಲ. 2025ರಿಂದ ಬೆಳಗ್ಗೆ ಸಂಜೆ ರಶ್ ಹೊತ್ತಿನಲ್ಲಿ ಗೇಟಿಗೆ 6 ದಿರ್ಹಂ. ಒಂದು ಕಡೆಗೆ ನಾಲ್ಕು ಗೇಟ್ ಅಂತ ಹಿಡಿದರೂ ತಿಂಗಳಿಗೆ 1000 ದಾಟುತ್ತದೆ. ಅಷ್ಟು ಕೊಟ್ಟರೂ ಹಿಂದೆ ಅಂಟಿಕೊಳ್ಳುವವರು ಅಲ್ಲೂ ಇದ್ದಾರೆ. ಒಂದು ವಾರಕ್ಕೇ ಬಿಟ್ಟೆ.

ಕೊನೆಗೆ ನಿಂತದ್ದು ಹೀಗೆ. ಎಡದಿಂದ ಮೂರನೇ ಟ್ರ್ಯಾಕ್. ಸ್ಪೀಡು 100ರಿಂದ 105. ಮುಂದೆ ಮೂರು ಸೆಕೆಂಡ್, ಅಂದರೆ ಹೆಚ್ಚು ಕಡಿಮೆ 90 ಮೀಟರ್. ಜನ ನುಗ್ಗುತ್ತಾರೆ, ಅದು ನಿಜ. ಆದರೆ ಒಬ್ಬ ನುಗ್ಗಿದರೆ ನನಗೆ ಹೋಗುವುದು ಎರಡು ಮೂರು ಸೆಕೆಂಡ್. ಕಾಲು ಸ್ವಲ್ಪ ಎತ್ತಿದರೆ ಗ್ಯಾಪ್ ಮತ್ತೆ ಬರುತ್ತದೆ. ಮೂವತ್ತು ಜನ ನುಗ್ಗಿದರೂ ಒಂದೂವರೆ ನಿಮಿಷ, ಅಷ್ಟೇ ಅಲ್ವಾ? ಈ ಲೆಕ್ಕವನ್ನು ಆಫೀಸಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ವಾದ ಮಾಡುತ್ತಿದ್ದವರು ಸುಮ್ಮನಾದರು. ಮುಂದಿನ ವಾರ ಇಬ್ಬರು ನನ್ನ ಕಾರಿನಲ್ಲೇ ಕೂತು ಬಂದು ನೋಡಿದರು. ದುಡ್ಡು ತಗೊಳ್ಳಲಿಲ್ಲ. ಪರ್ಮಿಟ್ ಇಲ್ಲದೆ ಜನರನ್ನು ದುಡ್ಡಿಗೆ ಕೂರಿಸಿಕೊಂಡರೆ ಇಲ್ಲಿ ದೊಡ್ಡ ಕೇಸು.

ಹಿಂದಿನವನ ವಿಷಯವೇ ಮುಖ್ಯ. ಯಾರಾದರೂ ಅಂಟಿಕೊಂಡರೆ ಬ್ರೇಕ್ ಮುಟ್ಟಬೇಡಿ. ಸಿಟ್ಟಿಗೆ ಬ್ರೇಕ್ ಲೈಟ್ ತೋರಿಸುವವರನ್ನು ನೋಡಿದ್ದೇನೆ, ಅದರಿಂದಲೇ ನಾಲ್ಕೈದು ಗಾಡಿ ಒಂದರ ಮೇಲೊಂದು ಹೋಗುತ್ತವೆ. ನಾನು ಮುಂದಿನ ಗ್ಯಾಪನ್ನು ಐದು ಸೆಕೆಂಡಿಗೆ ಏರಿಸುತ್ತೇನೆ. ಮುಂದೆ ಏನೇ ಆದರೂ ಮೆಲ್ಲಗೆ ನಿಧಾನ ಮಾಡಲು ನನಗೆ ಜಾಗ ಇರುತ್ತದೆ, ಹಿಂದಿನವನಿಗೂ ಸಮಯ ಸಿಗುತ್ತದೆ. ಅವನ ಅವಸರದ ಗ್ಯಾಪನ್ನೂ ನಾನೇ ಇಡುತ್ತೇನೆ ಅನ್ನಿ. ಆಮೇಲೆ ಇಂಡಿಕೇಟರ್ ಹಾಕಿ ನಾಲ್ಕು ಸಲ ಮಿನುಗಲು ಬಿಟ್ಟು ಬಲಕ್ಕೆ ಸರಿಯುತ್ತೇನೆ. ಸರಿಯಲು ಜಾಗವೇ ಇಲ್ಲದಿದ್ದಾಗ ಅವನಾಗಿಯೇ ಟ್ರ್ಯಾಕ್ ಬದಲಿಸುವ ಹಾಗೆ ಮಾಡಲು ಒಂದು ಉಪಾಯ ಇದೆ. ಅದನ್ನು ಬರೆದು ಹೇಳುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಮಾತ್ರ ತೋರಿಸುತ್ತೇನೆ. ಸಂಜೆ ವಾಪಸು ಬರುವಾಗ ಯಾವ ಎಕ್ಸಿಟ್ ತಗೊಳ್ಳುತ್ತೇನೆ ಅಂತಲೂ ಕೇಳಬೇಡಿ. ನಾಲ್ಕು ಜನಕ್ಕೆ ಗೊತ್ತಾದರೆ ಅಲ್ಲೂ ಜಾಮ್.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲು ನೂರು ಕಿಲೋಮೀಟರಿಗೆ ಒಂಬತ್ತೂವರೆ ಲೀಟರ್ ಕುಡಿಯುತ್ತಿದ್ದ ಗಾಡಿ ಈಗ ಎಂಟರ ಒಳಗೆ ಬಂದಿದೆ. ತಿಂಗಳಿಗೆ 100 ದಿರ್ಹಂ ಉಳಿತಾಯ. ಬ್ರೇಕ್ ಪ್ಯಾಡ್ ಮೊದಲಿಗಿಂತ ಎರಡರಷ್ಟು ಬಾಳುತ್ತದೆ. ಕ್ಲೇಮ್ ಇಲ್ಲ ಅಂತ ಇನ್ಶೂರೆನ್ಸಿನಲ್ಲಿ ಡಿಸ್ಕೌಂಟು. ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸಿದರೆ 400 ದಿರ್ಹಂ ಫೈನ್, 4 ಬ್ಲಾಕ್ ಪಾಯಿಂಟ್. 24 ಆದರೆ ಲೈಸೆನ್ಸ್ ಅಮಾನತು. ಕ್ಲಾಸು, ಟೆಸ್ಟು ಅಂತ ಆರೇಳು ಸಾವಿರ ಸುರಿದು ಮಾಡಿಸಿದ ಲೈಸೆನ್ಸ್ ಅದು.

ಮಧ್ಯದಲ್ಲಿ ಸಣ್ಣಪುಟ್ಟ ಪ್ರಯೋಗಗಳನ್ನೂ ಮಾಡಿದೆ. ಹಿಂದಿನ ಗಾಜಿಗೆ "ಬೇಬಿ ಆನ್ ಬೋರ್ಡ್" ಸ್ಟಿಕ್ಕರ್ ಅಂಟಿಸಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಟೈರಿಗೆ ನೈಟ್ರೋಜನ್ ಹಾಕಿಸಿದೆ, ದುಡ್ಡು ದಂಡ. ಅದಕ್ಕಿಂತ ಟೈರಿನ ಮೇಲಿನ ನಾಲ್ಕು ಅಂಕಿ ನೋಡಿ. 2321 ಅಂದರೆ 2021ರ 23ನೇ ವಾರ. ಐದು ವರ್ಷ ದಾಟಿದ್ದರೆ ಮುಲ್ಕಿಯಾ (ಗಾಡಿಯ ರಿಜಿಸ್ಟ್ರೇಷನ್) ರಿನ್ಯೂ ಆಗುವುದು ಕಷ್ಟ. ಜುಲೈ ಬಿಸಿಲಿನಲ್ಲಿ ಅಂಥ ಟೈರ್ ನಂಬುವ ಹಾಗೂ ಇಲ್ಲ. ಸೆಕೆಂಡ್ ಹ್ಯಾಂಡ್ ಟೈರ್ ಹಾಕಿಸುವ ನಮ್ಮ ಹುಡುಗರಿಗೆ ಕೈಮುಗಿದು ಹೇಳುತ್ತೇನೆ, ಬೇಡ.

ರಜೆಗೆ ಹೋದಾಗ ಮಂಗಳೂರು–ಉಡುಪಿ ಹೈವೇಯಲ್ಲೂ ಇದನ್ನು ಮಾಡಿ ನೋಡಿದೆ. ಅಲ್ಲಿ ಗ್ಯಾಪಿಗೆ ಬರುವುದು ಸ್ಕೂಟರ್, ಅದೂ ಕೆಲವು ಸಲ ಎದುರಿನಿಂದ. ಹಾಗಾಗಿ ಅಲ್ಲಿ ನಡೆಯುವುದಿಲ್ಲ.

ಈಗ ಬಾಕಿ ಇರುವುದು ಚಳಿಗಾಲದ ಮಂಜು. ಹಜಾರ್ಡ್ ಲೈಟ್ ಹಾಕಿಕೊಂಡು ಅದೇ ಸ್ಪೀಡಿನಲ್ಲಿ ನುಗ್ಗುವ ಜನ ಆಗ ಜಾಸ್ತಿ. ನಾಲ್ಕೂ ಲೈಟ್ ಮಿನುಗುತ್ತಿದ್ದರೆ ಅವನು ಯಾವ ಕಡೆ ತಿರುಗುತ್ತಾನೆ ಅಂತ ಹಿಂದಿನವನಿಗೆ ತಿಳಿಯುವುದೇ ಇಲ್ಲ. ಕಳೆದ ಜನವರಿಯಲ್ಲಿ ಸ್ಪೀಡು 60ಕ್ಕೆ ಇಳಿಸಿ, ಹಿಂದಿನ ಫಾಗ್ ಲೈಟ್ ಹಾಕಿ, ಆರು ಸೆಕೆಂಡ್ ಗ್ಯಾಪ್ ಇಟ್ಟು ಕೆಲವು ದಿನ ಹೋದೆ. ಹಿಂದಿನವರು ದೂರದಿಂದಲೇ ಟ್ರ್ಯಾಕ್ ಬದಲಿಸಿದರು. ಈ ಚಳಿಗಾಲ ಪೂರ್ತಿ ಹಾಗೇ ಓಡಿಸಿ ನೋಡುವವನಿದ್ದೇನೆ. ಮಂಜು ತೀರಾ ದಟ್ಟವಾಗಿದ್ದರೆ ಮಾತ್ರ ಪೆಟ್ರೋಲ್ ಪಂಪಿನಲ್ಲಿ ನಿಂತು ಚಹಾ ಕುಡಿದು, ಬಿಸಿಲು ಬಂದ ಮೇಲೆ ಹೊರಡುತ್ತೇನೆ. ಬಾಸಿಗೆ ಮೊದಲೇ ಹೇಳಿಟ್ಟಿದ್ದೇನೆ.