ಜರ್ಮನಿಗೆ ಓದಲು ಬರುವವರಿಗೆ: ಮೊದಲು ಅಂಚೆ ಡಬ್ಬಿ, ಆಮೇಲೆ ಜಾಕೆಟ್

ಆಗಸ್ಟ್ ಬಂತೆಂದರೆ ಊರ ಕಡೆಯಿಂದ ನನಗೆ ಮೆಸೇಜುಗಳು ಶುರುವಾಗುತ್ತವೆ. "ಅಕ್ಕಾ, ಜಾಕೆಟ್ ಇಲ್ಲಿಂದಲೇ ತರಬೇಕಾ?" "ಕುಕ್ಕರ್ ಎಷ್ಟು ಲೀಟರಿನದು ತರಲಿ?" "ಚಳಿ ತಡೆಯೋಕಾಗುತ್ತಾ?" ನಾನು ಹಾಸನದವಳು. ಡ್ರೆಸ್ಡೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ಜಾಕೆಟ್ ಪ್ರಶ್ನೆಗೆ ಒಂದೇ ಸಾಲಿನ ಉತ್ತರ: ಬೆಂಗಳೂರಲ್ಲಿ ದುಡ್ಡು ಸುರಿಯಬೇಡಿ, ಇಲ್ಲಿ ಬಂದು ಕೊಳ್ಳಿ. ಆದರೆ ಅಂಚೆ ಡಬ್ಬಿಯ ಬಗ್ಗೆ ಯಾರೂ ಕೇಳುವುದಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಜರ್ಮನಿಯಲ್ಲಿ ಬಹಳಷ್ಟು ವ್ಯವಹಾರ ಇನ್ನೂ ಕಾಗದದಲ್ಲೇ ನಡೆಯುತ್ತದೆ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ ಬಂದರೆ ಅದರ ಪಿನ್ ಇನ್ನೊಂದರಲ್ಲಿ ಬರುತ್ತದೆ. ವಿಮೆ ಕಾರ್ಡ್, ತೆರಿಗೆ ಸಂಖ್ಯೆ, ಎಲ್ಲವೂ ಅಂಚೆಯಲ್ಲೇ. ವಿಳಾಸದಲ್ಲಿ ಕಟ್ಟಡದ ನಂಬರ್ ಇರುತ್ತದೆ, ನಿಮ್ಮ ಮನೆಯ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ. ಪೋಸ್ಟ್‌ಮ್ಯಾನ್ ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ನಮ್ಮೂರಲ್ಲಾದರೆ "ಇಂಥವರ ಮಗಳು ಎಲ್ಲಿದ್ದಾಳೆ" ಎಂದು ಎದುರು ಮನೆಯಲ್ಲಿ ಕೇಳಿ ಕೊಟ್ಟು ಹೋಗುತ್ತಾರೆ. ಇಲ್ಲಿ ಅದನ್ನೆಲ್ಲ ನಿರೀಕ್ಷಿಸಬೇಡಿ. ಹಾಗಾಗಿ ಕೀ ಕೈಗೆ ಸಿಕ್ಕ ದಿನವೇ, ಸೂಟ್‌ಕೇಸ್ ಬಿಚ್ಚುವ ಮೊದಲೇ, ಒಂದು ಚೀಟಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆದು ಡಬ್ಬಿಗೂ ಬೆಲ್ಲಿಗೂ ಅಂಟಿಸಿ. ಟೇಪ್ ಹಾಸನದಿಂದಲೇ ತಂದರೂ ತಪ್ಪಿಲ್ಲ.

ಕಾಗದಗಳ ಸಾಲು

ಇಲ್ಲಿ ಒಂದು ಕಾಗದ ಸಿಗಬೇಕಾದರೆ ಇನ್ನೊಂದು ಬೇಕು. ಅದಕ್ಕೇ ಕ್ರಮ ಮುಖ್ಯ. ಮೊದಲು ಮನೆ. ಮನೆ ಕೊಟ್ಟವರಿಂದ, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಎಂಬ ಸಹಿ ಮಾಡಿದ ದೃಢೀಕರಣ ಪತ್ರ. ಬಾಡಿಗೆ ಕರಾರು ಬೇರೆ, ಈ ಪತ್ರ ಬೇರೆ. ಅದನ್ನು ಹಿಡಿದು ಬ್ಯೂರ್ಗರ್‌ಬ್ಯೂರೊಗೆ, ಅಂದರೆ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಮನೆಗೆ ಬಂದ 2 ವಾರದೊಳಗೆ ಮಾಡಬೇಕೆಂದು ಕಾನೂನೇ ಇದೆ. ಆದರೆ ಅಕ್ಟೋಬರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಊರಿನ ವಿದ್ಯಾರ್ಥಿಗಳೆಲ್ಲ ಅದೇ ಸಾಲಿನಲ್ಲಿರುತ್ತಾರೆ. ವೀಸಾ ಕೈಗೆ ಬಂದ ಕೂಡಲೇ, ಇನ್ನೂ ಊರಲ್ಲಿರುವಾಗಲೇ, ಆನ್‌ಲೈನಿನಲ್ಲಿ ಬುಕ್ ಮಾಡಿ.

ನೋಂದಣಿ ಆದರೆ ಬ್ಯಾಂಕ್ ಖಾತೆ ಸಲೀಸು. ಖಾತೆ ತೆರೆದರೆ ಬ್ಲಾಕ್ಡ್ ಅಕೌಂಟಿನ, ಅಂದರೆ ವೀಸಾಕ್ಕೆಂದು ಮೊದಲೇ ಖರ್ಚಿನ ದುಡ್ಡು ಕಟ್ಟಿಟ್ಟ ಖಾತೆಯ, ದುಡ್ಡು ತಿಂಗಳು ತಿಂಗಳು ಬರಲು ಶುರುವಾಗುತ್ತದೆ. ಅಲ್ಲಿಯವರೆಗೆ ಅದು ನಿಮ್ಮದೇ ದುಡ್ಡಾದರೂ ಮುಟ್ಟುವ ಹಾಗಿಲ್ಲ. ಅದಕ್ಕೇ ಮೊದಲ ತಿಂಗಳ ಖರ್ಚಿಗೆ ಬೇರೆಯಾಗಿ ದುಡ್ಡು ತನ್ನಿ, ಅದರಲ್ಲಿ ಒಂದಿಷ್ಟು ನೋಟುಗಳಾಗಿರಲಿ. ಇಲ್ಲಿ ಯುಪಿಐ ಕಾಲದವರಿಗೆ ನಂಬಲಾಗದಷ್ಟು ಅಂಗಡಿಗಳು ಇನ್ನೂ ನಗದೇ ಕೇಳುತ್ತವೆ.

ನೋಂದಣಿಯಾದ ಕೆಲ ವಾರಗಳಲ್ಲಿ ಇನ್ನೊಂದು ಪತ್ರ ಬರುತ್ತದೆ. ರೇಡಿಯೊ-ಟಿವಿ ಶುಲ್ಕ, ತಿಂಗಳಿಗೆ 18.36 ಯೂರೊ. "ನನ್ನ ಹತ್ತಿರ ಟಿವಿಯೇ ಇಲ್ಲ" ಎಂಬ ವಾದ ನಡೆಯುವುದಿಲ್ಲ. ಇದು ತಲೆಗಲ್ಲ, ಮನೆಗೆ. ನಾಲ್ಕು ಜನ ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿ ಉಳಿದವರು ಪಾಲು ಕೊಟ್ಟರೆ ಸಾಕು. ಮೊದಲೇ ಕಟ್ಟುತ್ತಿರುವವರ ಶುಲ್ಕ ಖಾತೆಯ ನಂಬರ್ ಬರೆದು ಉತ್ತರ ಕಳಿಸಿ. ಪತ್ರವನ್ನು ಸುಮ್ನೆ ಡ್ರಾಯರಿನಲ್ಲಿ ಇಟ್ಟರೆ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಮನೆ ಹುಡುಕುವಾಗ ಒಂದು ಎಚ್ಚರ. "ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀ ಅಂಚೆಯಲ್ಲಿ ಕಳಿಸುತ್ತೇನೆ" ಎಂದರೆ ಅಲ್ಲಿಗೇ ಮಾತು ಮುಗಿಸಿ. ಫೋಟೊ ಎಷ್ಟೇ ಚೆನ್ನಾಗಿರಲಿ. ಇಲ್ಲಿ ಠೇವಣಿ ಗರಿಷ್ಠ 3 ತಿಂಗಳ ಬಾಡಿಗೆ, ಅದೂ ಹೀಟರ್ ಇತ್ಯಾದಿ ಸೇರದ ಬರೀ ಬಾಡಿಗೆ. ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದೊಂದು ಸಮಾಧಾನ. ಎಲ್ಲಕ್ಕಿಂತ ಅಗ್ಗ ಸ್ಟುಡೆಂಟನ್‌ವೆರ್ಕ್, ಅಂದರೆ ವಿದ್ಯಾರ್ಥಿಗಳ ಸೌಕರ್ಯ ನೋಡಿಕೊಳ್ಳುವ ಸಂಸ್ಥೆಯ ಹಾಸ್ಟೆಲ್. ಅಡ್ಮಿಶನ್ ಪತ್ರಕ್ಕೆ ಕಾಯಬೇಡಿ. ಅರ್ಜಿ ಹಾಕಲು ಬಿಡುತ್ತಾರೆ ಎಂದಾದರೆ ಅವತ್ತೇ ಹಾಕಿ.

ಅಡುಗೆಮನೆ

ಈ ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಹೊಟ್ಟೆ ನೆಟ್ಟಗಿದ್ದರೆ ಉಳಿದದ್ದನ್ನು ಹೇಗೋ ಎದುರಿಸಬಹುದು.

ಮೊದಲು ಬ್ಯಾಗಿನ ವಿಷಯ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಮ್ಮ ಕಾಯಿಸಿದ ತುಪ್ಪ, ಧಾರವಾಡ ಪೇಡ ಎರಡೂ ಇದರಲ್ಲಿ ಬಂತು. ಹಸಿ ಕರಿಬೇವನ್ನೂ ತರಬೇಡಿ, ಗಿಡದ ರೋಗ ಬರುತ್ತದೆಂದು ಅದಕ್ಕೂ ತಡೆ ಇದೆ. ತುಪ್ಪಕ್ಕೆ ಅಳಬೇಕಾಗಿಲ್ಲ. ಯಾವ ಸೂಪರ್‌ಮಾರ್ಕೆಟ್ಟಿನಲ್ಲಾದರೂ ಬುಟರ್‌ಶ್ಮಾಲ್ಟ್ಸ್ ಅಂತ ಡಬ್ಬಿ ಸಿಗುತ್ತದೆ, ಕರಗಿಸಿದ ಬೆಣ್ಣೆ, ಹೆಚ್ಚುಕಡಿಮೆ ನಮ್ಮ ತುಪ್ಪವೇ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಇಷ್ಟು ತನ್ನಿ. ಬೇಳೆ, ಅಕ್ಕಿ ಹೊರಬೇಡಿ. ಡ್ರೆಸ್ಡೆನ್‌ನಲ್ಲೇ ಭಾರತದ ಸಾಮಾನಿನ ಅಂಗಡಿಗಳಿವೆ. ರಾಗಿ ಹಿಟ್ಟೂ ಸಿಗುತ್ತದೆ, ಬೆಲೆ ನೋಡಿ ಮುದ್ದೆ ಸ್ವಲ್ಪ ಸಣ್ಣದಾಗಬಹುದು ಅಷ್ಟೇ.

ಇಲ್ಲಿನ ಅಂಗಡಿಯ ಸಾಮಾನಿನಲ್ಲೇ ನಮ್ಮ ಅಡುಗೆ ಮಾಡುವ ಕೆಲವು ದಾರಿಗಳಿವೆ. ಮೊಸರನ್ನಕ್ಕೆ ಬಾಸ್ಮತಿ ಬೇಡ. ಮಿಲ್ಶ್‌ರೈಸ್ ಅಂತ ಹಾಲಿನ ಪಾಯಸಕ್ಕೆ ಮಾರುವ ದುಂಡು ಅಕ್ಕಿ ಅಗ್ಗ, ಚೆನ್ನಾಗಿ ಮೆತ್ತಗೆ ಬೇಯುತ್ತದೆ, ಪೊಂಗಲ್‌ಗೂ ಅದೇ ಸರಿ. ಉಪ್ಪಿಟ್ಟಿಗೆ ರವೆ ಹುಡುಕುವಾಗ ಹಾರ್ಟ್‌ವೈಟ್ಸನ್‌ಗ್ರೀಸ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ಪಕ್ಕದಲ್ಲೇ ಇರುವ ವೈಶ್‌ವೈಟ್ಸನ್‌ಗ್ರೀಸ್ ತಂದರೆ ಉಪ್ಪಿಟ್ಟು ಹೋಗಿ ಅಂಟು ಆಗುತ್ತದೆ. ಮೊಸರಿಗೆ 3.5 ಶೇಕಡ ಕೊಬ್ಬಿನ ಸಾದಾ ಯೋಗರ್ಟ್. ಅದರ ಪಕ್ಕದ ಕ್ವಾರ್ಕ್ ಮೊಸರಲ್ಲ, ನೋಡಲು ಮಾತ್ರ ಹಾಗಿರುತ್ತದೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಿಸಲು ಓವನ್ನಿನ ದೀಪ ಮಾತ್ರ ಹಾಕಿ ಒಳಗಿಡಿ, ಅಥವಾ ಹೀಟರ್ ಪಕ್ಕ ಇಡಿ. ಜೊತೆಗಿರುವವರು ಓವನ್ ಆನ್ ಮಾಡದಂತೆ ಬಾಗಿಲಿಗೆ ಚೀಟಿ ಅಂಟಿಸಿ. ನಗಬೇಡಿ, ನನ್ನ ಮನೆಯಲ್ಲಿ ಆ ಚೀಟಿ ಚಳಿಗಾಲವಿಡೀ ಇರುತ್ತದೆ.

ಕುಕ್ಕರ್ 3 ಲೀಟರಿನದು ಸಾಕು. ತಳ ಇಂಡಕ್ಷನ್‌ಗೆ ಆಗುವಂಥದ್ದೇ ಇರಲಿ, ಯಾವ ಒಲೆ ಸಿಗುತ್ತದೋ ಗೊತ್ತಿಲ್ಲವಲ್ಲ. ಹಾಸ್ಟೆಲಿನಲ್ಲಿ ಸಾಮಾನ್ಯವಾಗಿ ಕಾಯಿಲ್ ಇಲ್ಲವೇ ಗಾಜಿನ ತಟ್ಟೆಯ ಒಲೆ ಇರುತ್ತದೆ. ಆರಿಸಿದ ಮೇಲೂ ಅದು ಬಹಳ ಹೊತ್ತು ಬಿಸಿ ಇರುತ್ತದೆ. ಊರಲ್ಲಿ ಮೂರು ವಿಸಿಲ್ ಕೂಗಿಸುವ ಕಡೆ ಇಲ್ಲಿ ಎರಡಕ್ಕೇ ಆರಿಸಿ, ಉಳಿದದ್ದನ್ನು ಒಲೆಯೇ ಮಾಡುತ್ತದೆ. ಗ್ಯಾಸ್ಕೆಟ್ ಮಾತ್ರ ಎರಡು ಹೆಚ್ಚು ತನ್ನಿ. ಮಿಕ್ಸಿಗೆ ಇಲ್ಲಿನ ಕರೆಂಟ್ ಸರಿಹೋಗುತ್ತದೆ, ಇಲ್ಲೂ 230 ವೋಲ್ಟ್. ಮೂರು ಕಡ್ಡಿಯ ಪ್ಲಗ್ ಮಾತ್ರ ಹೋಗುವುದಿಲ್ಲ, ಒಳ್ಳೆಯ ಅಡಾಪ್ಟರ್ ಬೇಕು.

ಒಗ್ಗರಣೆ ವಿಷಯದಲ್ಲಿ ಹುಷಾರು. ಒಣಮೆಣಸಿನಕಾಯಿ ಹಾಕುವ ಮೊದಲು ಕಿಟಕಿ ತೆರೆದು, ಕೋಣೆಯ ಬಾಗಿಲು ಮುಚ್ಚಿ. ಹೊಗೆ ಪತ್ತೆ ಯಂತ್ರ ಎಲ್ಲ ಕಡೆ ಇರುತ್ತದೆ. ಕೆಲವು ಹಾಸ್ಟೆಲುಗಳಲ್ಲಿ ಅದರ ಗಂಟೆ ನೇರ ಅಗ್ನಿಶಾಮಕ ದಳಕ್ಕೇ ಕೇಳುತ್ತದೆ, ಬಂದು ಹೋದ ಖರ್ಚು ನಿಮ್ಮ ತಲೆಗೇ ಬರಬಹುದು.

ಅಕ್ಕಪಕ್ಕದವರ ಜೊತೆ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ ಇಡೀ ದಿನ ಹಾಗೆಯೇ. ಅಂದರೆ ರುಬ್ಬುವುದಿದ್ದರೆ ಶನಿವಾರವೇ ರುಬ್ಬಿ. ಶಾಪಿಂಗೂ ಶನಿವಾರವೇ, ಯಾಕೆಂದರೆ ಭಾನುವಾರ ಅಂಗಡಿಗಳೆಲ್ಲ ಬಂದ್. ತೀರಾ ಹಾಲು ಮುಗಿದುಹೋದರೆ ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿಗೆ ಓಡಿ, ಅಲ್ಲಿಗೆ ಈ ನಿಯಮದಿಂದ ವಿನಾಯಿತಿ ಇದೆ.

ಕಸವನ್ನು ಇಲ್ಲಿನವರು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಹಳದಿ ಡಬ್ಬಿಗೆ ಪ್ಯಾಕೆಟ್, ಪ್ಲಾಸ್ಟಿಕ್, ತಗಡು. ನೀಲಿಗೆ ಕಾಗದ. ಕಂದುಬಣ್ಣದ್ದಕ್ಕೆ ತರಕಾರಿ ಸಿಪ್ಪೆ. ಕಪ್ಪಿಗೆ ಉಳಿದದ್ದು. ಗಾಜಿನ ಬಾಟಲಿಗೆ ಬೀದಿಯಲ್ಲಿ ಬಣ್ಣಬಣ್ಣದ ಪ್ರಕಾರ ಬೇರೆ ಪೆಟ್ಟಿಗೆಗಳು, ಅದಕ್ಕೂ ಭಾನುವಾರ ಹಾಕುವಂತಿಲ್ಲ. ನೀರು, ಜ್ಯೂಸ್ ಬಾಟಲಿಗಳನ್ನು ಮಾತ್ರ ಎಸೆಯಬೇಡಿ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗೆ 25 ಸೆಂಟ್ ಠೇವಣಿ ಮೊದಲೇ ಕಟ್ಟಿರುತ್ತೀರಿ. ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ನಿಜ ಹೇಳಬೇಕೆಂದರೆ ಬಾಟಲಿ ನೀರು ಕೊಳ್ಳುವ ಅಗತ್ಯವೇ ಇಲ್ಲ, ನಲ್ಲಿ ನೀರು ಕುಡಿಯಬಹುದು.

ಇನ್ನೊಂದು, ಕಿಟಕಿ. ಎಷ್ಟೇ ಚಳಿಯಿರಲಿ, ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಬೇಕು. ಕೋಣೆಯಲ್ಲೇ ಬಟ್ಟೆ ಒಣಗಿಸಿ, ಅನ್ನ ಬೇಯಿಸಿ, ಕಿಟಕಿ ಮುಚ್ಚಿಟ್ಟರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಬಿಟ್ಟು ಹೋಗುವಾಗ ಠೇವಣಿ ಹಿಡಿದುಕೊಳ್ಳಲು ಮಾಲೀಕರಿಗೆ ಅದೊಂದು ಸಾಕು.

ಕ್ಲಾಸು, ದುಡ್ಡು, ಆರೋಗ್ಯ

ನಮ್ಮ ವೇಳಾಪಟ್ಟಿಯಲ್ಲಿ ಗಂಟೆ ಬರೆಯದೆ "2. ಡೇಎಸ್" ಎಂದಿರುವುದು ಕಂಡು ಹೊಸಬರು ಕಂಗಾಲಾಗುತ್ತಾರೆ. ಅದು ದಿನದ ಎರಡನೇ ಪಾಠ, 9:20ಕ್ಕೆ ಶುರು, 90 ನಿಮಿಷ. ಪಾಠ ಮುಗಿದಾಗ ಎಲ್ಲರೂ ಮೇಜು ಕುಟ್ಟುತ್ತಾರೆ. ಗಲಾಟೆ ಅಲ್ಲ, ಚಪ್ಪಾಳೆ. ನೀವೂ ಕುಟ್ಟಿ.

ಹಾಜರಿ ಬಹಳ ಕಡೆ ಕೇಳುವುದಿಲ್ಲ, ಇಂಟರ್ನಲ್ಸ್ ಅನ್ನುವುದೂ ಅಪರೂಪ. ಇದು ಸ್ವಾತಂತ್ರ್ಯ ಅನಿಸುತ್ತದೆ, ಫೆಬ್ರವರಿವರೆಗೆ. ಆಗ ಇಡೀ ಸೆಮಿಸ್ಟರಿನ ಅಂಕ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಕೋರ್ಸಿಗೆ ಸೇರಿದರೆ ಸಾಲದು, ಪರೀಕ್ಷೆಗೆ ಬೇರೆಯಾಗಿ ಹೆಸರು ಕೊಡಬೇಕು, ಅದಕ್ಕೆ ಕೊನೆಯ ದಿನ ಬೇರೆ ಇದೆ. ಇಲ್ಲಿ 1.0 ಅಂದರೆ ಅತ್ಯುತ್ತಮ, 4.0 ಕೊನೆಯ ಪಾಸು, 5.0 ಫೇಲ್. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ "ಒಂದೇ ಮಾರ್ಕ್ಸಾ?" ಎಂದು ಗಾಬರಿಯಾಗುತ್ತಾರೆ. ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರೇ ಅವಕಾಶ. ಬ್ಯಾಕ್‌ಲಾಗ್ ಇಟ್ಟುಕೊಂಡು ಕೊನೆಗೆ ಒಟ್ಟಿಗೆ ತೀರಿಸುವ ನಮ್ಮ ಪದ್ಧತಿ ಇಲ್ಲಿ ಅಪಾಯ.

ದುಡ್ಡಿನ ಲೆಕ್ಕ: ಬ್ಲಾಕ್ಡ್ ಅಕೌಂಟಿಗೆ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಕಟ್ಟಬೇಕು, ತಿಂಗಳಿಗೆ 992 ಕೈಗೆ ಬರುತ್ತದೆ. ಅದರಲ್ಲಿ ಆರೋಗ್ಯ ವಿಮೆಗೇ 150 ಯೂರೊ ಆಸುಪಾಸು ಹೋಗುತ್ತದೆ. ಉಳಿದದ್ದರಲ್ಲಿ ಡ್ರೆಸ್ಡೆನ್‌ನಂಥ ಊರಲ್ಲಿ ಬದುಕಬಹುದು, ಮ್ಯೂನಿಕ್‌ನಲ್ಲಿ ಬಾಡಿಗೆಯೇ ನುಂಗುತ್ತದೆ. ಕೆಲಸ ಮಾಡಲು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಅವಕಾಶವಿದೆ. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮೊದಲು ವಿಭಾಗದ ನೋಟಿಸ್ ಬೋರ್ಡ್ ನೋಡಿ, ಆಮೇಲೆ ಗೋದಾಮಿನ ಕೆಲಸ. ಟ್ರ್ಯಾಮಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ. "ಇದೊಂದು ಸ್ಟಾಪ್ ಅಷ್ಟೇ" ಎಂಬುದು ಅವರಿಗೆ ಅರ್ಥವಾಗುವುದಿಲ್ಲ.

ಪ್ಯಾರಸಿಟಮಾಲ್ ಔಷಧಿ ಅಂಗಡಿಯಲ್ಲಿ, ಅಂದರೆ ಅಪೊಟೇಕೆಯಲ್ಲಿ ಮಾತ್ರ ಸಿಗುತ್ತದೆ, ಸೂಪರ್‌ಮಾರ್ಕೆಟ್ಟಿನಲ್ಲಿ ಇಲ್ಲ. ಶೀತ ಜ್ವರಕ್ಕೆ ಡಾಕ್ಟರ್ ಬಳಿ ಹೋದರೆ ಚಹಾ ಕುಡಿದು ಮಲಗಲು ಹೇಳುವ ಸಾಧ್ಯತೆಯೇ ಹೆಚ್ಚು. ರಾತ್ರಿ ಅಥವಾ ಭಾನುವಾರ ಡಾಕ್ಟರ್ ಬೇಕಾದರೆ 116117, ಜೀವಕ್ಕೆ ಅಪಾಯವಾದರೆ 112. ಈ ಎರಡನ್ನೂ ಫೋನಿನಲ್ಲಿ ಇವತ್ತೇ ಸೇವ್ ಮಾಡಿ.

ಕತ್ತಲೆಯ ತಿಂಗಳುಗಳು

ಚಳಿಗೆ ಬಟ್ಟೆ ಇದೆ. ಕತ್ತಲೆಗೆ ಏನೂ ಇಲ್ಲ. ಡಿಸೆಂಬರಿನಲ್ಲಿ ಇಲ್ಲಿ ಬೆಳಿಗ್ಗೆ 8 ದಾಟಿದ ಮೇಲೆ ಸೂರ್ಯ, ಸಂಜೆ 4ಕ್ಕೆ ಮುಳುಗಿಯೂ ಆಯಿತು. ಬೇಜಾರು, ನಿದ್ದೆ, ಊರಿನ ನೆನಪು ಎಲ್ಲವೂ ಆಗ ಒಟ್ಟಿಗೆ ಬರುತ್ತವೆ. ನನಗೆ ಕೆಲಸಕ್ಕೆ ಬಂದದ್ದು ಮಧ್ಯಾಹ್ನದ ನಡಿಗೆ. ಕ್ಯಾಂಟೀನಿನಲ್ಲಿ ಊಟ ಮಾಡಿ ಲೈಬ್ರರಿಗೆ ಸೀದಾ ಹೋಗದೆ ಅರ್ಧ ಗಂಟೆ ಹೊರಗೆ ಸುತ್ತುವುದು, ಮೋಡ ಇದ್ದರೂ ಸರಿ. ಎಲ್ಬೆ ನದಿಯ ದಡ ಇದಕ್ಕೆ ಚೆನ್ನಾಗಿದೆ. ನಮ್ಮ ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗಲ್ 1865ರಲ್ಲಿ ಹುಟ್ಟಿದ್ದು ಈ ಊರಿನ ಪಕ್ಕದ ಲೋಮನ್‌ನಲ್ಲಿ. ಅವರು ಬೆಂಗಳೂರಿನಲ್ಲೇ ಉಳಿದು 1956ರಲ್ಲಿ ಅಲ್ಲೇ ತೀರಿಕೊಂಡರು. ಇಲ್ಲಿನ ಚಳಿಗಾಲ ನೋಡಿದರೆ ಅವರು ಯಾಕೆ ವಾಪಸ್ ಬರಲಿಲ್ಲ ಅನ್ನುವುದಕ್ಕೆ ನನ್ನದೇ ಒಂದು ಊಹೆ ಇದೆ.

ಕನ್ನಡದವರ ಗುಂಪು ಸಿಗುತ್ತದೆ, ಸೇರಿ. ಹಬ್ಬಕ್ಕೆ ಹೋಳಿಗೆ ತಟ್ಟಲು ಕೈ ಬೇಕಲ್ಲ. ಆದರೆ ಮನೆಯನ್ನು ಮಾತ್ರ ಬೇರೆ ದೇಶದವರ ಜೊತೆ ಹಂಚಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಜರ್ಮನ್ ಭಾಷೆ ನನಗೆ ಕ್ಲಾಸಿಗಿಂತ ಜಾಸ್ತಿ ಬಂದದ್ದು ಪಾತ್ರೆ ಯಾರು ತೊಳೆಯಬೇಕು ಎಂಬ ಜಗಳದಲ್ಲಿ.

ಮನೆಗೆ ಫೋನ್ ಮಾಡಲು ಸಮಯ ಗೊತ್ತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಭಾರತ ಮೂರೂವರೆ ಗಂಟೆ ಮುಂದೆ, ಅಕ್ಟೋಬರಿನ ಕೊನೆಯ ಭಾನುವಾರದಿಂದ ನಾಲ್ಕೂವರೆ. ಗಡಿಯಾರ ಬದಲಾಗುವ ವಿಷಯವನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವತ್ತು ಒಂದು ಗಂಟೆ ಫೋನ್ ಹಿಡಿದು ಕಾಯುತ್ತಾ ಕೂರುತ್ತಾರೆ. ಜಾಕೆಟ್ ಹಾಕಿಕೊಂಡ ಫೋಟೊ ಒಂದು ಕಳಿಸಿ. ಕರೆ ದಿನಾ ಬೇಡ, ವಾರಕ್ಕೆ ಎರಡು ಮೂರು ಸಲ ನಿಧಾನವಾಗಿ ಮಾತಾಡಿ. ದಿನಾ ಮಾಡಿದರೆ ನೀವು ತಿಂದದ್ದರ ವರದಿ ಕೊಡುವುದರಲ್ಲೇ ಮುಗಿಯುತ್ತದೆ, ಅಲ್ವಾ?