ಮೈಸನ್ ಪಿಂಗಾಣಿಯ ಬೆನ್ನು ಹತ್ತಿ

ಕೆಲಸದ ನಿಮಿತ್ತ ಡ್ರೆಸ್ಡೆನ್‌ಗೆ ಬಂದ ಮೊದಲ ವರ್ಷ, ಎಲ್ಬೆ ನದಿಯ ದಂಡೆಯಲ್ಲಿ ಶನಿವಾರ ಕೂಡುವ ಹಳೆಯ ಸಾಮಾನುಗಳ ಸಂತೆಯಲ್ಲಿ ನಾನೊಂದು ಕಾಫಿ ಬಟ್ಟಲನ್ನು ಕೊಂಡೆ. ಅದರ ಅಡಿಯಲ್ಲಿ ‘ಎ’ ಮತ್ತು ‘ಆರ್’ ಅಕ್ಷರಗಳು (‘ಆಗಸ್ಟಸ್ ರೆಕ್ಸ್’, ಎಂದರೆ ದೊರೆ ಆಗಸ್ಟಸ್) ನೀಲಿ ಬಣ್ಣದಲ್ಲಿ ಹೆಣೆದುಕೊಂಡಿದ್ದವು. 1710ರಲ್ಲಿ ಹತ್ತಿರದ ಮೈಸನ್ ಊರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನು ಸ್ಥಾಪಿಸಿದ ದೊರೆ ಆಗಸ್ಟಸ್‌ನ ಅಂಕಿತವೇ ಇದೆಂದು ನಂಬಿ ಹಿಗ್ಗಿದ್ದೆ. ಅದು 19ನೇ ಶತಮಾನದಲ್ಲಿ ಇದೇ ಊರಿನ ಚಿತ್ರಕಾರರ ಕಾರ್ಯಾಗಾರವೊಂದು ಹಾಕುತ್ತಿದ್ದ ಅನುಕರಣೆಯ ಗುರುತೆಂದು ಬಲ್ಲವರೊಬ್ಬರು ತಿಳಿಸಿದಾಗ ಬಹಳ ನೊಂದುಕೊಂಡೆ. ಅಂದಿನಿಂದ ಯಾವ ವಸ್ತುವಿನ ಗುರುತನ್ನೂ ಕೊನೆಯಲ್ಲಿಯೇ ನೋಡುತ್ತೇನೆ.

ಕಣ್ಣು ಪಳಗಿದ್ದು ಜ್ವಿಂಗರ್ ಅರಮನೆಯ ಪಿಂಗಾಣಿ ಸಂಗ್ರಹಾಲಯದಲ್ಲಿ. 1731ರಲ್ಲಿ ಮೈಸನ್‌ಗೆ ಬಂದ ಶಿಲ್ಪಿ ಕೆಂಡ್ಲರ್ ರೂಪಿಸಿದ ಪಕ್ಷಿಗಳ ಮುಂದೆ ಗಂಟೆಗಟ್ಟಲೆ ನಿಂತು, ರೆಕ್ಕೆಯ ಒಂದೊಂದು ಗರಿಯ ಅಂಚು ಎಷ್ಟು ಚೂಪಾಗಿ ಮೂಡಿದೆಯೆಂದು ಗಮನಿಸಿದ ಮೇಲೆಯೇ, ಸಂತೆಯ ಗೊಂಬೆಗಳ ಮೊಂಡು ಬೆರಳುಗಳೂ ಭಾವವಿಲ್ಲದ ಮುಖಗಳೂ ನನಗೆ ಎದ್ದು ಕಾಣತೊಡಗಿದವು.

ಈಗ ಬಟ್ಟಲನ್ನು ಹಿಡಿಯಿಂದ ಎತ್ತದೆ, ಎರಡೂ ಕೈಗಳಲ್ಲಿ ಹಿಡಿದು ಅಂಚಿನ ಸುತ್ತ ಬೆರಳಾಡಿಸುತ್ತೇನೆ. ಗೊಂಬೆಯಾದರೆ ಬೆರಳು, ಕುತ್ತಿಗೆ, ಹೂವಿನ ದಳಗಳನ್ನು ನೇರಳಾತೀತ ಟಾರ್ಚಿನಲ್ಲಿ ನೋಡುತ್ತೇನೆ. ಮುರಿದು ಅಂಟಿಸಿದ ಜಾಗಕ್ಕೆ ಬಳಿದ ಹೊಸ ಬಣ್ಣ ಆ ಬೆಳಕಿನಲ್ಲಿ ಸಾಮಾನ್ಯವಾಗಿ ಬೇರೆಯಾಗಿಯೇ ಹೊಳೆಯುತ್ತದೆ. ಆಮೇಲೆ ಅಡಿಯ ಸರದಿ. ಮೈಸನ್‌ನ ಗುರುತಾದ ಅಡ್ಡಗತ್ತಿಗಳನ್ನು, ಎಂದರೆ ಒಂದರ ಮೇಲೊಂದು ಓರೆಯಾಗಿ ಹಾಯ್ದ ಎರಡು ಕತ್ತಿಗಳನ್ನು, ಕೋಬಾಲ್ಟ್ ನೀಲಿಯಲ್ಲಿ ಕುಂಚದಿಂದ ಬರೆದು ಮೇಲೆ ಗಾಜಿನಂಥ ಮೆರುಗು ಕೊಟ್ಟಿರುವುದರಿಂದ, ಅವು ಉಗುರಿಗೆ ತಟ್ಟುವುದಿಲ್ಲ. ಕತ್ತಿಯ ಹಿಡಿಗಳ ನಡುವೆ ಚುಕ್ಕೆಯಿದ್ದರೆ ಅದು ಸುಮಾರು 1763ರಿಂದ 1774ರವರೆಗಿನ ಕಾಲದ್ದು, ನಕ್ಷತ್ರವಿದ್ದರೆ ಕಾರ್ಖಾನೆಯ ನಿರ್ದೇಶಕ ಮಾರ್ಕೊಲಿನಿಯ ಆಡಳಿತದ 1774ರಿಂದ 1814ರವರೆಗಿನದು. ಆದರೆ ಈ ಎರಡು ಗುರುತುಗಳನ್ನೂ ನಕಲು ಮಾಡಿದವರಿದ್ದಾರೆ. ಮಣ್ಣು, ಮೆರುಗು, ಚಿತ್ರದ ಶೈಲಿ ಮೂರೂ ಆ ಕಾಲಕ್ಕೆ ಒಪ್ಪದಿದ್ದರೆ ನಾನು ಕೊಳ್ಳುವುದಿಲ್ಲ.

ಕತ್ತಿಗಳ ಮೇಲೆ ಅಡ್ಡ ಗೀರಿದ್ದರೆ, ದೋಷವಿರುವುದೆಂದೋ ಬಣ್ಣ ಹಾಕದೆಯೋ ಕಾರ್ಖಾನೆ ಆ ವಸ್ತುವನ್ನು ಮಾರಿತ್ತೆಂದು ಅರ್ಥ. ಅನೇಕ ಸಂಗ್ರಾಹಕರು ಇಂಥವನ್ನು ಮುಟ್ಟುವುದಿಲ್ಲ. ನನಗೆ ಅವು ಇಷ್ಟ, ನನ್ನ ಸಂಬಳಕ್ಕೆ ಎಟಕುವುವೂ ಅವೇ. ಕಳೆದ ಚಳಿಗಾಲದಲ್ಲಿ ಕೊಂಡ ನಕ್ಷತ್ರದ ಗುರುತಿನ ತಟ್ಟೆಯೊಂದಕ್ಕೆ ಹಾಗೆಯೇ ಗೀರಿದೆ, ಮೆರುಗಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಯಿದೆ. ನಡುವೆ ಬರೆದಿರುವ ಗುಲಾಬಿಯ ಎಸಳುಗಳಲ್ಲಿ ಮಾತ್ರ ಕುಂಚ ಒಮ್ಮೆಯೂ ತಡವರಿಸಿಲ್ಲ.