ಸರ್ಪದಾರಿ ಹತ್ತಿ ಅತ್ತಿಗುಂಡಿಗೆ ಇಳಿದಿದ್ದು: ಬ್ಯಾಗ್ ಹೊತ್ಕೊಂಡು ನಡೆದ ಒಂದಿನ

ಮುಳ್ಳಯ್ಯನಗಿರಿ ಅಂದ್ರೆ ಈಗ ತುಂಬಾ ಜನಕ್ಕೆ ಕಾರಲ್ಲಿ ಹೋಗಿ ಮೆಟ್ಲು ಹತ್ತಿ ಫೋಟೋ ತೆಗೆಸ್ಕೊಂಡು ಬರೋ ಜಾಗ ಅಷ್ಟೇ. ನಾನು ಹೇಳ್ತಿರೋದು ಆ ದಾರಿ ಅಲ್ಲ. ಸರ್ಪದಾರಿ ಅನ್ನೋ ಕಾಲುದಾರೀಲಿ ಹತ್ತಿ, ತುದಿಯಿಂದ ರಿಡ್ಜ್, ಅಂದ್ರೆ ಬೆಟ್ಟದ ನೆತ್ತಿಯ ಸಾಲು, ಹಿಡ್ದು ಕವಿಕಲ್ ಗಂಡಿ ಕಡೆಯಿಂದ ಸಂಜೆಗೆ ಅತ್ತಿಗುಂಡಿ ಅನ್ನೋ ಊರು ಸೇರೋದು, ಅದೂ ಬೆನ್ನ ಮೇಲೆ ಹತ್ತು ಹನ್ನೊಂದು ಕೆಜಿ ಇಟ್ಕೊಂಡು. ದೂರದ ಟ್ರೆಕ್‌ಗಳಿಗೆ ಮುಂಚೆ ನಾನೂ ನನ್ನ ಭಾವನೂ ಲೋಡ್ ಹೊತ್ತು ನಡೆಯೋ ಅಭ್ಯಾಸಕ್ಕೆ ಇದನ್ನೇ ಆರಿಸ್ಕೊಳ್ಳೋದು, ಚಿಕ್ಕಮಗಳೂರಲ್ಲಿ ಇರೋರು ದುಡ್ಡು ಕೊಟ್ಟು ಜಿಮ್‌ಗೆ ಯಾಕೆ ಹೋಗ್ತಾರೋ ನಂಗಂತೂ ಗೊತ್ತಾಗಲ್ಲ.

ಹತ್ತೋದು ಇಲ್ಲಿ ದೊಡ್ಡ ವಿಷಯ ಅಲ್ಲ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ತುದಿ ಅಂತ ಹೆಸ್ರು ಇದ್ರೂ ಊರೇ ಸಾವಿರ ಮೀಟರ್ ಮೇಲಿದೆಯಲ್ಲ, ಬೆಳಿಗ್ಗೆ ತಂಪಲ್ಲಿ ಶುರು ಮಾಡಿದ್ರೆ ಬಿಸಿಲೇರೋ ಹೊತ್ತಿಗೆ ಮುಳ್ಳಪ್ಪಸ್ವಾಮಿ ಗದ್ದುಗೆ ಮುಂದೆ ಕೂತು ಬೆವ್ರು ಒರೆಸ್ಕೊಳ್ತಾ ಇರ್ತೀವಿ. ಸುಸ್ತು ಮಾಡೋದು ಅದರ ನಂತರದ್ದು. ಮ್ಯಾಪಲ್ಲಿ ರಿಡ್ಜ್ ಸಪಾಟಾಗಿ ಕಾಣುತ್ತೆ, ಕಾಲಿಗೆ ಹಂಗಲ್ಲ, ಒಂದು ದಿಬ್ಬ ಇಳಿ, ಇನ್ನೊಂದು ಹತ್ತು, ಇದೇ ಕೊನೇದು ಅಂದ್ಕೊಂಡ್ರೆ ಅದರ ಹಿಂದೆ ಮತ್ತೊಂದು. ಜೊತೆಗೆ ಗಾಳಿ, ನೀರು. ಈ ದಾರೀಲಿ ಇಡೀ ದಿನದ ಲೆಕ್ಕಾಚಾರ ಈ ಎರಡರ ಮೇಲೇ ನಿಂತಿರೋದು.

ಮೊದ್ಲು ನೀರು. ನೆತ್ತಿ ಮೇಲೆ ಒಂದು ಹನಿ ಸಿಗಲ್ಲ. ಹುಲ್ಲಿನ ಬೋಳು ಬೆಟ್ಟದ ನಡುವೆ ಮಡಿಕೆಗಳಲ್ಲಿ ಕಪ್ಪಗೆ ದಟ್ಟವಾಗಿ ಕಾಣೋದೇ ಶೋಲಾ ಕಾಡು, ಅಲ್ಲಿ ಗಾಳಿ ಕಮ್ಮಿ, ತೇವ ನಿಲ್ಲುತ್ತೆ, ಅದಕ್ಕೇ ಮರ ಬೆಳೆದಿರೋದು, ಝರಿ ಇದ್ರೆ ಅದೂ ಅಲ್ಲೇ. ಆದ್ರೆ ಅಲ್ಲಿಗೆ ಇಳಿದು ವಾಪಸ್ ಹತ್ತೋದ್ರಲ್ಲಿ ತಂದ ನೀರಿಗಿಂತ ಜಾಸ್ತಿ ಬೆವ್ರು ಹರಿದಿರುತ್ತೆ, ಕಾಡೆಮ್ಮೆ ಇರೋ ಜಾಗ ಬೇರೆ. ಹಂಗಾಗಿ ನಾನು ತಲೆಗೆ ಮೂರು ಲೀಟರ್ ಕೆಳಗಿಂದಾನೇ ಹೊರ್ತೀನಿ. ಮೂರು ಲೀಟರ್ ಅಂದ್ರೆ ಮೂರು ಕೆಜಿ, ಅದು ಎಲ್ಲಿ ಕೂರುತ್ತೆ ಅನ್ನೋದು ಮುಖ್ಯ. ಬ್ಯಾಗಿನ ತಳಕ್ಕೆ ಹಾಕಿದ್ರೆ ಹಿಂದಕ್ಕೆ ಎಳೆಯುತ್ತೆ, ಹೊರಗಿನ ಜೇಬಿಗೆ ಹಾಕಿದ್ರೆ ಒಂದೊಂದು ಹೆಜ್ಜೆಗೂ ಓಲಾಡುತ್ತೆ. ತಳದಲ್ಲಿ ಸ್ಲೀಪಿಂಗ್ ಬ್ಯಾಗು, ಬಟ್ಟೆ, ಅದರ ಮೇಲೆ ಬೆನ್ನಿಗೆ ಒತ್ತಿ ನೀರು, ಹೊರಮಗ್ಗುಲಿಗೆ ಹಗುರದ್ದು. ಆಮೇಲೆ ಸೊಂಟದ ಬೆಲ್ಟು. ಹೆಗಲ ಪಟ್ಟಿ ಸಡಿಲ ಬಿಟ್ಟು, ಸೊಂಟದ ಮೂಳೆ ಮೇಲೆ ಬೆಲ್ಟ್ ಕೂರಿಸಿ ಬಿಗಿ ಮಾಡಿ, ಕೊನೆಗೆ ಹೆಗಲದ್ದು ಎಳೀಬೇಕು. ಈ ಕ್ರಮ ಉಲ್ಟಾ ಮಾಡಿದೋರು ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡ್ಕೊಂಡು ಕೂತಿರ್ತಾರೆ.

ಇನ್ನು ಗಾಳಿ. ನಾವು ಹೋಗಿದ್ದು ನವೆಂಬರ್ ಕೊನೇಲಿ, ಮಳೆ ಮುಗಿದು ಹುಲ್ಲು ಹಣ್ಣಾಗ್ತಿತ್ತು, ಇಂಬಳದ ಕಾಟ ಇರ್ಲಿಲ್ಲ. ಗಾಳಿ ಮಾತ್ರ ನಿಂತ ಕಡೆ ನಿಲ್ಲಕ್ಕೆ ಬಿಡ್ತಿರ್ಲಿಲ್ಲ. ಭಾವನ ಬ್ಯಾಗಿನ ರೇನ್ ಕವರ್ ಪಟಪಟ ಬಡ್ಕೊಂಡು ಅವ್ನನ್ನೇ ಪಕ್ಕಕ್ಕೆ ತಳ್ತಿತ್ತು. "ಅದನ್ನ ಬಿಚ್ಚಿ ಒಳಗಿಡು ಭಾವ, ಹಾರಿ ಹೋದ್ರೆ ಕಡೂರಲ್ಲಿ ಹುಡುಕ್ಬೇಕಾಗುತ್ತೆ" ಅಂದೆ. ನಾನು ರೇನ್ ಕವರ್ ಬಿಟ್ಟು ತುಂಬಾ ದಿನ ಆಯ್ತು, ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಸಾಮಾನು ತುಂಬ್ತೀನಿ, ಮಳೆ ಬಂದ್ರೂ ಬಟ್ಟೆ ಒದ್ದೆ ಆಗಲ್ಲ, ಗಾಳಿಗೆ ಹಿಡಿಯೋಕೆ ಏನೂ ಸಿಗಲ್ಲ. ಮಲಗೋ ಮ್ಯಾಟ್ ಇದ್ರೆ ಅಡ್ಡ ಕಟ್ಟಬೇಡಿ, ಅದೂ ಗಾಳಿಗೆ ಸಿಗುತ್ತೆ, ಉದ್ದುದ್ದ ಕಟ್ಟಿ.

ಊಟಕ್ಕೆ ನೆತ್ತಿ ಮೇಲೆ ಕೂರೋ ಆಸೆ ಎಲ್ರಿಗೂ ಇರುತ್ತೆ, ವ್ಯೂ ಚೆನ್ನಾಗಿರುತ್ತಲ್ಲ. ಆದ್ರೆ ಬೆವ್ರಿದ ಮೈಗೆ ಆ ಗಾಳಿ ಬಡಿದ್ರೆ ಹತ್ತೇ ನಿಮಿಷದಲ್ಲಿ ಹಲ್ಲು ಕಟಕಟ ಅನ್ನುತ್ತೆ. ಗಾಳಿ ಬರೋ ಕಡೆಗೆ ಬೆನ್ನು ಹಾಕಿ ಹತ್ತಿಪ್ಪತ್ತು ಹೆಜ್ಜೆ ಕೆಳಗಿಳಿದ್ರೆ ಸಾಕು, ಫ್ಯಾನ್ ಆಫ್ ಮಾಡಿದಂಗೆ ಎಲ್ಲ ನಿಂತು ಹೋಗುತ್ತೆ. ಅಲ್ಲಿ ಬಂಡೆಗೆ ಒರಗಿ, ಕೂತ ತಕ್ಷಣ ಜಾಕೆಟ್ ಹಾಕ್ಕೊಂಡು, ಮನೆಯಿಂದ ತಂದ ಅಕ್ಕಿ ರೊಟ್ಟಿಗೆ ಚಟ್ನಿಪುಡಿ, ಮೇಲೆ ಒಂದು ತುಂಡು ಬೆಲ್ಲ. ಸ್ಟವ್ ಹೊರಲ್ಲ ನಾನು. ಈ ಹುಲ್ಲಿಗೆ ಒಂದು ಕಿಡಿ ಬಿದ್ರೆ ಗುಡ್ಡಕ್ಕೆ ಗುಡ್ಡಾನೇ ಹೋಗುತ್ತೆ. 2022ರಲ್ಲಿ ಇದೇ ಬೆಟ್ಟಗಳಲ್ಲಿ ಕುರಿಂಜಿ ಅರಳಿದ್ದಾಗ ನೋಡಕ್ಕೆ ಜನ ಮುಗಿಬಿದ್ದಿದ್ರು, ಈಗ ಅದೇ ಗಿಡದ ಪೊದೆ ತುಳ್ಕೊಂಡು ಶಾರ್ಟ್‌ಕಟ್ ಹೊಡೀತಾರೆ, ಇರ್ಲಿ ಬಿಡಿ.

ಮಧ್ಯಾಹ್ನದ ಮೇಲೆ ಮಂಜು ಕವಿದ್ರೆ ಮುಂದಿನ ದಿಬ್ಬಾನೇ ಕಾಣಲ್ಲ. ದನ ಓಡಾಡಿದ ಜಾಡು ದಾರಿ ಥರಾನೇ ಇರುತ್ತೆ, ಆದ್ರೆ ಅದು ಮೆಲ್ಲಗೆ ಮಗ್ಗುಲಿಗೆ ಇಳಿದು ಎಲ್ಲೋ ತೋಟದ ಬೇಲಿಗೆ ಹೋಗಿ ಮುಟ್ಟುತ್ತೆ. ಅದಕ್ಕೇ ಹಿಂದಿನ ರಾತ್ರಿ ಮ್ಯಾಪ್ ಆಫ್‌ಲೈನ್ ಇಳಿಸ್ಕೊಂಡಿರ್ತೀನಿ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ ಅಂತ ಒಳಜೇಬಲ್ಲಿ.

ಇಳಿಯುವಾಗ ಮಂಡಿಗೆ ಬಿತ್ತು ಏಟು. ತೋಟದಿಂದ ತಂದಿದ್ದ ಕಾಫಿ ಗಿಡದ ಕೋಲೇ ಕಾಪಾಡಿದ್ದು, ಅಂಗಡಿ ಪೋಲ್‌ಗಿಂತ ಭಾರ, ಆದ್ರೆ ಬಗ್ಗಲ್ಲ. ಅತ್ತಿಗುಂಡಿ ಹೋಮ್‌ಸ್ಟೇ ತಲುಪಿದಾಗ ಅಲ್ಲಿಯ ಅಜ್ಜಿ ನಮ್ಮ ಬ್ಯಾಗ್ ನೋಡಿ "ಎಂತ ಮಾರಾಯ್ರಾ, ಬಸ್ ಇಲ್ವಾ ನಿಮಗೆ?" ಅಂದ್ರು. ಇದೆ ಅಜ್ಜಿ ಅಂದ್ವಿ, ಮತ್ತೇನು ಹೇಳೋದು.

ಹೋಗೋರು ಮುಂಚೆನೇ ಅರಣ್ಯ ಇಲಾಖೆಯೋರ ಹತ್ರ ಕೇಳ್ಕೊಳ್ಳಿ, ಪರ್ಮಿಷನ್ ನಿಯಮ ಆಗಾಗ ಬದಲಾಗ್ತಿರುತ್ತೆ, ಬೇಸಿಗೇಲಿ ಬೆಂಕಿ ಭಯಕ್ಕೆ ಬಿಡದೇನೂ ಇರಬಹುದು. ಮೇಲೆ ಟೆಂಟ್ ಹಾಕೋ ಯೋಚನೆ ಬೇಡ, ರಾತ್ರಿಗೆ ಅತ್ತಿಗುಂಡೀಲೇ ರೂಮ್ ಹೇಳಿಟ್ಟು ಹೊರಡಿ.